ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯೂ ಗ್ಯಾಸ್ಟ್ರಿಕ್ ಮಾತ್ರೆಯೂ: ಕಾಯಿಲೆಯೇ ಇಲ್ಲದವರ ಮೇಲೆ ಪರೀಕ್ಷೆ ಮಾಡಿದ್ದೇಕೆ?

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರ ಔಷಧಿ ಚೀಟಿಯನ್ನು ಒಮ್ಮೆ ನೋಡಿ. ದಾವಣಗೆರೆಯವರದ್ದಿರಲಿ, ಚಿತ್ರದುರ್ಗದವರದ್ದಿರಲಿ, ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಆಸ್ಪಿರಿನ್ ಒಂದು, ಕ್ಲೋಪಿಡೋಗ್ರೆಲ್ ಒಂದು, ಕೊಲೆಸ್ಟ್ರಾಲ್ ಇಳಿಸುವುದು ಒಂದು, ಬಿಪಿಗೆ ಒಂದೋ ಎರಡೋ. ಕೊನೆಯಲ್ಲಿ ಒಂದು ಗ್ಯಾಸ್ಟ್ರಿಕ್ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಈ ಕೊನೆಯದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಖಾಲಿಯಾದರೆ ಮೆಡಿಕಲ್ ಶಾಪಿಗೆ ಹೋಗಿ "ಅಣ್ಣ, ಎದೆ ಉರಿ, ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ" ಅಂತ ಕೇಳುತ್ತಾರೆ, ಅವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಚೀಟಿಯಲ್ಲಿ ಇದ್ದದ್ದು ಒಂದಾದರೆ ಮನೆಗೆ ಬಂದದ್ದು ಇನ್ನೊಂದು.

ಅಲ್ಲೇ ಇರುವುದು ವಿಷಯ. ಎಲ್ಲ ಗ್ಯಾಸ್ಟ್ರಿಕ್ ಮಾತ್ರೆಗಳೂ ಒಂದೇ ಅಲ್ಲ. ಅವುಗಳಲ್ಲಿ ಒಂದೆರಡು, ಕ್ಲೋಪಿಡೋಗ್ರೆಲ್‌ನಿಂದ ರಕ್ತಕ್ಕೆ ಸಿಗಬೇಕಾದ ಮದ್ದನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲವು. ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಹೃದಯದ ರೋಗಿಗಳಲ್ಲ. ಯಾವ ಕಾಯಿಲೆಯೂ ಇಲ್ಲದ, ತಾವಾಗಿ ಒಪ್ಪಿಕೊಂಡು ಮಾತ್ರೆ ನುಂಗಿ ರಕ್ತ ಕೊಟ್ಟ ಆರೋಗ್ಯವಂತರು. ಕಾಯಿಲೆ ಇಲ್ಲದವರಿಗೆ ಹೃದಯದ ಮಾತ್ರೆ ಕೊಟ್ಟು ಏನು ತಿಳಿಯುತ್ತದೆ? ಬಹಳ ತಿಳಿಯುತ್ತದೆ. ತಿಳಿಯದೆ ಉಳಿಯುವುದೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡದಿದ್ದರೆ ಒಂದೋ ಸುಮ್ನೆ ಹೆದರುತ್ತೇವೆ, ಇಲ್ಲಾ ಸುಮ್ನೆ ಉಡಾಫೆ ಮಾಡುತ್ತೇವೆ.

ಮೊದಲು ಈ ಮಾತ್ರೆಗಳನ್ನು ಜೊತೆಗೆ ಯಾಕೆ ಕೊಡುತ್ತಾರೆ ಅನ್ನುವುದು. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಎಷ್ಟಿದೆ ಅಂತ ದಿನಾ ಕೇಳುತ್ತೇವಲ್ಲ, ಅದೇ ಪ್ಲೇಟ್‌ಲೆಟ್. ಗಾಯವಾದ ಕಡೆ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಸ್ಟೆಂಟ್ ಅನ್ನುವುದು ರಕ್ತನಾಳದ ಒಳಗೆ ಕೂರಿಸಿದ ಲೋಹದ ಜಾಲರಿ. ಪ್ಲೇಟ್‌ಲೆಟ್‌ಗಳಿಗೆ ಅದೂ ಒಂದು ಗಾಯದ ಹಾಗೇ ಕಾಣುತ್ತದೆ. ಅಲ್ಲಿ ಅವು ಗುಂಪುಗಟ್ಟಿದರೆ ಹೆಪ್ಪು ಕಟ್ಟಿ ನಾಳ ಮುಚ್ಚಿಹೋಗುತ್ತದೆ, ಮತ್ತೆ ಹೃದಯಾಘಾತ. ಅದಕ್ಕೇ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಕೊಡುತ್ತಾರೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ತಗ್ಗಿಸುತ್ತವೆ. ಜನ ಇದನ್ನು ರಕ್ತ ತೆಳು ಮಾಡೋ ಮಾತ್ರೆ ಅನ್ನುತ್ತಾರೆ. ನಿಜವಾಗಿ ರಕ್ತವೇನೂ ತೆಳ್ಳಗಾಗುವುದಿಲ್ಲ, ಪ್ಲೇಟ್‌ಲೆಟ್ ಅಂಟುವುದು ಕಡಿಮೆಯಾಗುತ್ತದೆ ಅಷ್ಟೆ.

ಆದರೆ ಹೊಟ್ಟೆಯ ಒಳಗೂ ಸಣ್ಣಪುಟ್ಟ ಗಾಯ ಆಗುತ್ತಲೇ ಇರುತ್ತದೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುವ ವ್ಯವಸ್ಥೆಯನ್ನು ಆಸ್ಪಿರಿನ್ ದುರ್ಬಲ ಮಾಡುತ್ತದೆ. ಅಲ್ಲಿ ಹುಣ್ಣಾಗಿ ರಕ್ತ ಜಿನುಗಲು ಶುರುವಾದರೆ ನಿಲ್ಲಿಸಬೇಕಾದ ಪ್ಲೇಟ್‌ಲೆಟ್‌ಗಳು ಮೊದಲೇ ಮಂದವಾಗಿರುತ್ತವೆ. ಹೀಗೆ ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಜಾಸ್ತಿ, ಅದರಲ್ಲೂ ವಯಸ್ಸಾದವರಿಗೆ, ಮೊದಲು ಅಲ್ಸರ್ ಆಗಿದ್ದವರಿಗೆ. ಆಮ್ಲ ತಗ್ಗಿಸುವ ಮಾತ್ರೆ ಕೊಡುವುದು ಇದಕ್ಕೆ. ಮಿರ್ಚಿ ಮಂಡಕ್ಕಿ ತಿಂದು ಹುಳಿ ತೇಗು ಬರುತ್ತದೆ ಅಂತ ಅಲ್ಲ. "ನಂಗೆ ಗ್ಯಾಸ್ಟ್ರಿಕ್ ಇಲ್ಲ, ಅದನ್ಯಾಕೆ ನುಂಗಲಿ" ಅಂತ ತಾವಾಗಿ ಬಿಟ್ಟುಬಿಡುವವರು ನಮ್ಮ ಕಡೆ ಬಹಳ. ಅದು ತಪ್ಪು. ಎದೆ ಉರಿ ಇಲ್ಲದಿದ್ದರೂ ಆ ಮಾತ್ರೆಗೆ ಕೆಲಸ ಇದೆ.

ಈಗ ಒಳಗೆ ಏನಾಗುತ್ತದೆ ನೋಡೋಣ. ಕ್ಲೋಪಿಡೋಗ್ರೆಲ್ ಮಾತ್ರೆ ಇದ್ದ ಹಾಗೇ ಕೆಲಸ ಮಾಡುವುದಿಲ್ಲ. ನುಂಗಿದ ಮೇಲೆ ಲಿವರ್‌ಗೆ ಹೋಗಬೇಕು, ಅಲ್ಲಿ ಎರಡು ಹಂತದಲ್ಲಿ ಬದಲಾಗಬೇಕು, ಆಮೇಲೆ ಹೊರಬರುವ ವಸ್ತುವೇ ನಿಜವಾದ ಮದ್ದು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಗಿರಣಿಗೆ ಹೋದಮೇಲೆ ತಾನೇ ಅಕ್ಕಿ ಆಗುವುದು, ಹಾಗೆ. ಈ ಗಿರಣಿಯಲ್ಲಿ ನಷ್ಟವೂ ಭಾರಿ. ನುಂಗಿದ್ದರಲ್ಲಿ ಸುಮಾರು 85 ಭಾಗ ಬೇರೊಂದು ಕಿಣ್ವದ ಕೈಗೆ ಸಿಕ್ಕಿ ಕೆಲಸಕ್ಕೆ ಬಾರದ ವಸ್ತುವಾಗಿ ಹೋಗುತ್ತದೆ. ಉಳಿದ ಸುಮಾರು 15 ಭಾಗ ಮಾತ್ರ ಮದ್ದಾಗುವ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಹಲವು ಕಿಣ್ವಗಳಿವೆ, ಅವುಗಳಲ್ಲಿ ಮುಖ್ಯವಾದದ್ದು ಸಿವೈಪಿ2ಸಿ19 ಅನ್ನುವುದು. ಹೆಸರು ಉದ್ದ, ಆದರೆ ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇರುವುದರಿಂದ ನೆನಪಿಟ್ಟುಕೊಳ್ಳಿ.

ಹೀಗೆ ಹುಟ್ಟಿದ ಮದ್ದಿಗೆ ಆಯುಸ್ಸು ಬಹಳ ಕಡಿಮೆ. ಸುಮಾರು ಅರ್ಧ ಗಂಟೆಗೆ ಅರ್ಧದಷ್ಟು ರಕ್ತದಿಂದ ಮಾಯ. ಆದರೆ ಅಷ್ಟರೊಳಗೆ ಅದು ಪ್ಲೇಟ್‌ಲೆಟ್ ಮೇಲಿರುವ ಪಿ2ವೈ12 ಅನ್ನುವ ಗ್ರಾಹಕಕ್ಕೆ, ಅಂದರೆ ಅಂಟಿಕೊಳ್ಳಲು ಬರುವ ಸಂಕೇತವನ್ನು ಹಿಡಿಯುವ ಕೊಂಡಿಗೆ, ಹೋಗಿ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಆ ಪ್ಲೇಟ್‌ಲೆಟ್ ಸಾಯುವವರೆಗೆ, ಅಂದರೆ 7ರಿಂದ 10 ದಿನ, ಅದು ಮಂದವಾಗಿಯೇ ಇರುತ್ತದೆ. ಆಪರೇಷನ್‌ಗೆ ಮುಂಚೆ ಕೆಲವು ದಿನ ಈ ಮಾತ್ರೆ ನಿಲ್ಲಿಸಲು ಡಾಕ್ಟರ್ ಹೇಳುವುದು ಇದೇ ಕಾರಣಕ್ಕೆ.

ಇನ್ನು ಒಮೆಪ್ರಜೋಲ್. 1988ರಲ್ಲಿ ಯುರೋಪಿನಲ್ಲಿ ಮಾರುಕಟ್ಟೆಗೆ ಬಂದ, ಈ ಗುಂಪಿನ ಮೊದಲ ಮಾತ್ರೆ. ಹೊಟ್ಟೆಯ ಕೋಶಗಳಲ್ಲಿ ಆಮ್ಲ ಹೊರಹಾಕುವ ಪಂಪನ್ನೇ ಇದು ಮುಚ್ಚುತ್ತದೆ. ಎಸೊಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಎಲ್ಲ ಇದೇ ಬಳಗದವು. ಹೊಟ್ಟೆಯಲ್ಲಿ ಇವು ಮಾಡುವ ಕೆಲಸ ಒಂದೇ. ಆದರೆ ಲಿವರ್‌ನಲ್ಲಿ ಇವುಗಳ ನಡತೆ ಬೇರೆ ಬೇರೆ. ಒಮೆಪ್ರಜೋಲ್ ಕರಗುವುದು ಬಹುಪಾಲು ಅದೇ ಸಿವೈಪಿ2ಸಿ19 ಕಿಣ್ವದಿಂದ, ಸಾಲದ್ದಕ್ಕೆ ಆ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ ಕೂಡ. ಎಸೊಮೆಪ್ರಜೋಲ್ ಅಂದರೆ ಒಮೆಪ್ರಜೋಲ್‌ನಲ್ಲಿ ಬೆರೆತಿರುವ ಎರಡು ರೂಪಗಳಲ್ಲಿ ಒಂದೇ ಆದ್ದರಿಂದ ಅದೂ ಹಾಗೇ. ಪ್ಯಾಂಟೊಪ್ರಜೋಲ್ ಈ ಕಿಣ್ವವನ್ನು ಅಷ್ಟಾಗಿ ಕಾಡುವುದಿಲ್ಲ.

ಅಂದಮೇಲೆ ಒಮೆಪ್ರಜೋಲ್ ನುಂಗಿದವರಲ್ಲಿ ಕ್ಲೋಪಿಡೋಗ್ರೆಲ್ ಸರಿಯಾಗಿ ಮದ್ದಾಗದೆ ಇರಬಹುದು, ಅಲ್ವಾ? ಇದು ಕಾಗದದ ಮೇಲಿನ ಊಹೆ. ಪರೀಕ್ಷೆ ಮಾಡಬೇಕು. ಯಾರ ಮೇಲೆ?

ರೋಗಿಗಳ ಮೇಲೆಯೇ ಮಾಡಬಹುದಲ್ಲ ಅಂತ ಅನಿಸುವುದು ಸಹಜ. ಆದರೆ ಒಬ್ಬ ಹೃದಯದ ರೋಗಿಯನ್ನು ನೆನೆಸಿಕೊಳ್ಳಿ. ವಯಸ್ಸು 62, ಸಕ್ಕರೆ ಕಾಯಿಲೆ ಇದೆ, ಬೀಡಿ ಸೇದುತ್ತಿದ್ದರು, ಕಿಡ್ನಿ ಸ್ವಲ್ಪ ನಿಧಾನ, ದಿನಕ್ಕೆ ಏಳೆಂಟು ಮಾತ್ರೆ. ಇವರ ಪ್ಲೇಟ್‌ಲೆಟ್ ಇನ್ನೂ ಅಂಟುತ್ತಿದೆ ಅಂದರೆ ಅದು ಒಮೆಪ್ರಜೋಲ್‌ನಿಂದಲೋ, ಸಕ್ಕರೆ ಕಾಯಿಲೆಯಿಂದಲೋ, ಬೇರೆ ಮಾತ್ರೆಯಿಂದಲೋ, ಅಥವಾ ನಿನ್ನೆ ಮಾತ್ರೆ ನುಂಗಲು ಮರೆತದ್ದರಿಂದಲೋ, ಯಾರು ಹೇಳಬೇಕು? ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹೋಲಿಕೆಗೆ ಬೇಕು ಅಂತ ಒಮ್ಮೆ ಮಾತ್ರೆ ಕೊಟ್ಟು, ಎರಡು ವಾರ ನಿಲ್ಲಿಸಿ, ಮತ್ತೆ ಕೊಡಬೇಕಾಗುತ್ತದೆ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ವಾರ ಕ್ಲೋಪಿಡೋಗ್ರೆಲ್ ನಿಲ್ಲಿಸುವುದು ಅಂದರೆ ಪ್ರಾಣದ ಜೊತೆ ಆಟ. ಅದನ್ನು ಯಾವ ನೈತಿಕ ಸಮಿತಿಯೂ ಒಪ್ಪಬಾರದು.

ಆರೋಗ್ಯವಂತರಲ್ಲಿ ಈ ಗೋಜಲು ಇಲ್ಲ. ಸಾಮಾನ್ಯವಾಗಿ 18ರಿಂದ 55 ವರ್ಷದ ಒಳಗಿನವರನ್ನು ಆರಿಸುತ್ತಾರೆ. ಬೇರೆ ಮಾತ್ರೆ ಇರಬಾರದು. ರಕ್ತಸ್ರಾವದ ಕಾಯಿಲೆ, ಅಲ್ಸರ್ ಆಗಿರಬಾರದು. ಬೀಡಿ ಸಿಗರೇಟು ಸೇದುವವರನ್ನು ಬಿಡುತ್ತಾರೆ, ಯಾಕಂದರೆ ಹೊಗೆ ಲಿವರ್‌ನ ಇನ್ನೊಂದು ಕಿಣ್ವವನ್ನು ಚುರುಕು ಮಾಡಿ ಲೆಕ್ಕ ತಪ್ಪಿಸುತ್ತದೆ. ಚಕ್ಕೋತ ಜಾತಿಯ ಗ್ರೇಪ್‌ಫ್ರೂಟ್ ರಸವೂ ಬೇಡ. ಅದೂ ಕಿಣ್ವಗಳನ್ನು ತಡೆಯುತ್ತದೆ.

ಪರೀಕ್ಷೆಯ ರಚನೆ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಒಂದು ಗುಂಪಿಗೆ ಒಂದು ಮಾತ್ರೆ, ಇನ್ನೊಂದು ಗುಂಪಿಗೆ ಇನ್ನೊಂದು ಅಂತ ಹಂಚುವುದಿಲ್ಲ. ಪ್ರತಿಯೊಬ್ಬರೂ ಎರಡನ್ನೂ ತೆಗೆದುಕೊಳ್ಳುತ್ತಾರೆ, ಬೇರೆ ಬೇರೆ ಸಮಯದಲ್ಲಿ. ಒಂದು ಸರದಿಯಲ್ಲಿ ಕ್ಲೋಪಿಡೋಗ್ರೆಲ್ ಮಾತ್ರ, ಅದರ ಜೊತೆ ಮದ್ದಿಲ್ಲದ ಹುಸಿ ಮಾತ್ರೆ. ಇನ್ನೊಂದು ಸರದಿಯಲ್ಲಿ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್. ಯಾರಿಗೆ ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ನಡುವೆ ಬಿಡುವು. ಎಷ್ಟು ದಿನ? ಮದ್ದು ಅರ್ಧ ಗಂಟೆಯಲ್ಲೇ ಕರಗುತ್ತದೆ, ಮರುದಿನವೇ ಶುರು ಮಾಡಬಹುದಲ್ಲ ಅಂತ ಅನಿಸಬಹುದು. ಆಗುವುದಿಲ್ಲ. ಮದ್ದು ಹೋದರೂ ಅದು ಮಂದ ಮಾಡಿದ ಪ್ಲೇಟ್‌ಲೆಟ್‌ಗಳು ರಕ್ತದಲ್ಲಿ ತಿರುಗಾಡುತ್ತಲೇ ಇರುತ್ತವೆ. ಅವೆಲ್ಲ ಸತ್ತು ಹೊಸವು ಬರಬೇಕು. ಅದಕ್ಕೇ ಎರಡು ವಾರದಷ್ಟು ಬಿಡುವು ಕೊಡುವುದು ರೂಢಿ.

ಹೀಗೆ ಮಾಡಿದಾಗ ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಬಹುದು. ಅದೇ ಲಿವರ್, ಅದೇ ವಂಶವಾಹಿ, ಅದೇ ತೂಕ. ಬದಲಾದದ್ದು ಒಂದೇ ಒಂದು ಮಾತ್ರೆ. ವ್ಯತ್ಯಾಸ ಬಂದರೆ ಕಾರಣ ಹುಡುಕಿಕೊಂಡು ಅಲೆಯಬೇಕಿಲ್ಲ. ಸಾವಿರಾರು ರೋಗಿಗಳ ದಾಖಲೆ ಜಾಲಾಡಿದರೂ ಸಿಗದ ಖಚಿತತೆ ಕೆಲವೇ ಡಜನ್ ಜನರಿಂದ ಸಿಗುವುದು ಹೀಗೆ. ಮಾತ್ರೆಯನ್ನು ಸಿಬ್ಬಂದಿಯ ಎದುರೇ ನುಂಗಬೇಕು, ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಊಟದ ಹೊತ್ತು, ನೀರಿನ ಅಳತೆ ಎಲ್ಲ ಮೊದಲೇ ನಿಗದಿ.

ಅಳೆಯುವುದು ಎರಡು ಸಂಗತಿ. ಒಂದು, ರಕ್ತದಲ್ಲಿ ನಿಜವಾದ ಮದ್ದು ಎಷ್ಟು ಹುಟ್ಟಿತು. ಆ ವಸ್ತು ಎಷ್ಟು ಚಂಚಲ ಅಂದರೆ ರಕ್ತ ತೆಗೆದ ಕೂಡಲೇ ಸಿರಿಂಜ್‌ನಿಂದ ಬಂದ ರಕ್ತಕ್ಕೆ ಒಂದು ರಾಸಾಯನಿಕ ಬೆರೆಸಿ ಅದನ್ನು ಕಟ್ಟಿಹಾಕಬೇಕು, ಇಲ್ಲದಿದ್ದರೆ ಕೊಳವೆಯಲ್ಲೇ ಹಾಳಾಗುತ್ತದೆ. ಎರಡು, ಪ್ಲೇಟ್‌ಲೆಟ್‌ಗಳು ಎಷ್ಟು ಅಂಟುತ್ತಿವೆ. ಇದಕ್ಕೆ ರಕ್ತದಿಂದ ಪ್ಲೇಟ್‌ಲೆಟ್ ತುಂಬಿದ ದ್ರವವನ್ನು ಬೇರ್ಪಡಿಸಿ ಅದರ ಮೂಲಕ ಬೆಳಕು ಹಾಯಿಸುತ್ತಾರೆ. ದ್ರವ ಮೊದಲು ಮಬ್ಬಾಗಿರುತ್ತದೆ. ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ಎಡಿಪಿ ಎಂಬ ವಸ್ತುವನ್ನು ಹಾಕಿದಾಗ ಅವು ಉಂಡೆಕಟ್ಟಿಕೊಳ್ಳುತ್ತವೆ, ದ್ರವ ತಿಳಿಯಾಗುತ್ತದೆ, ಬೆಳಕು ಜಾಸ್ತಿ ಹಾಯುತ್ತದೆ. ಮದ್ದು ಚೆನ್ನಾಗಿ ಕೆಲಸ ಮಾಡಿದ್ದರೆ ಮಬ್ಬು ಹಾಗೇ ಉಳಿಯುತ್ತದೆ. ಇದರ ಜೊತೆ ವಾಸ್ಪ್ ಅನ್ನುವ ಇನ್ನೊಂದು ಪರೀಕ್ಷೆಯೂ ಇದೆ. ಅದು ನೇರವಾಗಿ ಪಿ2ವೈ12 ಗ್ರಾಹಕ ಎಷ್ಟು ಮುಚ್ಚಿದೆ ಅನ್ನುವುದನ್ನೇ ಹೇಳುತ್ತದೆ. ಬೆಳಕಿನ ಪರೀಕ್ಷೆಯನ್ನು ರಕ್ತ ತೆಗೆದ ಕೆಲವೇ ಗಂಟೆಯೊಳಗೆ ಮುಗಿಸಬೇಕು. ದಾವಣಗೆರೆಯಲ್ಲಿ ರಕ್ತ ತೆಗೆದು ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದರೆ ಆಗುವ ಕೆಲಸ ಅಲ್ಲ. ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ಮಹಾನಗರಗಳ ವಿಶೇಷ ಕೇಂದ್ರಗಳಲ್ಲಿ ನಡೆಯುವುದಕ್ಕೆ ಇದೂ ಒಂದು ಕಾರಣ.

ಇಂಥ ನಾಲ್ಕು ಪರೀಕ್ಷೆಗಳ ಫಲಿತಾಂಶ 2011ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಒಟ್ಟು 282 ಆರೋಗ್ಯವಂತರು. ಮೊದಲ ಪರೀಕ್ಷೆಯಲ್ಲಿ ಕ್ಲೋಪಿಡೋಗ್ರೆಲ್ ಮತ್ತು ಒಮೆಪ್ರಜೋಲ್ ಎರಡನ್ನೂ ಒಟ್ಟಿಗೆ ಕೊಟ್ಟರು. ರಕ್ತದಲ್ಲಿ ಸಿಕ್ಕ ಮದ್ದು ಶೇ. 40 ಕಡಿಮೆ. ಎರಡನೆಯದರಲ್ಲಿ ಎರಡರ ನಡುವೆ 12 ಗಂಟೆ ಅಂತರ ಬಿಟ್ಟರು. ಶೇ. 47 ಕಡಿಮೆ. ಮೂರನೆಯದರಲ್ಲಿ ಕ್ಲೋಪಿಡೋಗ್ರೆಲ್ ಪ್ರಮಾಣವನ್ನೇ ಎರಡರಷ್ಟು ಮಾಡಿದರು. ಆದರೂ ಶೇ. 41 ಕಡಿಮೆ. ನಾಲ್ಕನೆಯದರಲ್ಲಿ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಕೊಟ್ಟರು. ಕಡಿಮೆಯಾದದ್ದು ಶೇ. 14 ಮಾತ್ರ. ವಾಸ್ಪ್ ಪರೀಕ್ಷೆಯಲ್ಲೂ ಹಾಗೇ, ಒಮೆಪ್ರಜೋಲ್ ಕೊಟ್ಟ ಮೂರರಲ್ಲೂ ಪ್ಲೇಟ್‌ಲೆಟ್ ಚಟುವಟಿಕೆ ಶೇ. 19ರಿಂದ 27ರಷ್ಟು ಮೇಲೆ ಹೋಯಿತು, ಪ್ಯಾಂಟೊಪ್ರಜೋಲ್‌ನಲ್ಲಿ ಬಂದ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ಇರಲಿಲ್ಲ.

ಇದರಲ್ಲಿ ಎರಡನೇ ಪರೀಕ್ಷೆ ನಮ್ಮ ಊರುಗಳಿಗೆ ತುಂಬಾ ಮುಖ್ಯ ಅಂತ ನನ್ನ ಅಭಿಪ್ರಾಯ. "ಒಂದನ್ನು ಬೆಳಿಗ್ಗೆ ತಗೊಳ್ಳಿ, ಇನ್ನೊಂದನ್ನು ರಾತ್ರಿ ತಗೊಳ್ಳಿ, ಏನೂ ಆಗಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಎರಡೂ ಹೊಟ್ಟೆಯಲ್ಲಿ ಬೆರೆತು ಜಗಳವಾಡುತ್ತವೆ ಅಂದುಕೊಂಡರೆ ಈ ಸಲಹೆ ಸರಿ ಅನಿಸುತ್ತದೆ. ಆದರೆ ಜಗಳ ನಡೆಯುವುದು ಹೊಟ್ಟೆಯಲ್ಲಲ್ಲ, ಲಿವರ್‌ನಲ್ಲಿ. ಒಮೆಪ್ರಜೋಲ್ ರಕ್ತದಿಂದ ಒಂದೆರಡು ಗಂಟೆಯಲ್ಲಿ ಇಳಿದುಹೋದರೂ ಅದು ಕಟ್ಟಿಹಾಕಿದ ಕಿಣ್ವ ಬೇಗ ಬಿಡುಗಡೆ ಆಗುವುದಿಲ್ಲ, ದೇಹ ಹೊಸ ಕಿಣ್ವ ತಯಾರಿಸಿಕೊಳ್ಳಬೇಕು. ಹಾಗಾಗಿ 12 ಗಂಟೆ ಅಂತರದಿಂದ ಏನೂ ಲಾಭ ಆಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರ ನವೆಂಬರ್‌ನಲ್ಲೇ ಇದನ್ನು ಬಾಯಿಬಿಟ್ಟು ಹೇಳಿತು: ಒಮೆಪ್ರಜೋಲ್ ಜೊತೆ ಬೇಡ, ಹೊತ್ತು ಬದಲಿಸಿ ಕೊಟ್ಟರೂ ಪ್ರಯೋಜನ ಇಲ್ಲ.

ಈ ಪರೀಕ್ಷೆಗಳಲ್ಲಿ ಕೊಟ್ಟ ಒಮೆಪ್ರಜೋಲ್ ದಿನಕ್ಕೆ 80 ಮಿಲಿಗ್ರಾಂ ಅನ್ನುವುದನ್ನೂ ಹೇಳಲೇಬೇಕು. ನಮ್ಮವರು ಸಾಮಾನ್ಯವಾಗಿ ನುಂಗುವುದು 20 ಮಿಲಿಗ್ರಾಂ. ಬೇಕಂತಲೇ ಹೆಚ್ಚು ಕೊಡುತ್ತಾರೆ, ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟಾಗಬಹುದು ಅಂತ ನೋಡಲು. ಹಾಗಾಗಿ ಶೇ. 47 ಅನ್ನುವ ಅಂಕಿಯನ್ನು ಹಾಗೇ ಎತ್ತಿಕೊಂಡು ನಮ್ಮ ಮನೆಯ ಹಿರಿಯರಿಗೆ ಅನ್ವಯಿಸುವುದು ಸರಿಯಲ್ಲ. ಇನ್ನೊಂದು ಸೂಕ್ಷ್ಮ ಇದೆ. ಮದ್ದು ಶೇ. 40ರಷ್ಟು ಇಳಿದರೂ ಬೆಳಕಿನ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಅಂಟುವುದು ಹೆಚ್ಚಿದ್ದು ಶೇ. 8ರಷ್ಟು ಮಾತ್ರ. ಮದ್ದು ಅರ್ಧವಾದರೆ ಪರಿಣಾಮವೂ ಅರ್ಧ ಅಂತೇನೂ ಇಲ್ಲ. ಒಮ್ಮೆ ಮಂದವಾದ ಪ್ಲೇಟ್‌ಲೆಟ್ ಸಾಯುವವರೆಗೂ ಮಂದ. ದಿನಾ ಸ್ವಲ್ಪ ಸ್ವಲ್ಪವೇ ಮದ್ದು ಹುಟ್ಟಿದರೂ ಐದಾರು ದಿನದಲ್ಲಿ ಮಂದವಾದವು ಕೂಡಿಕೊಳ್ಳುತ್ತಾ ಹೋಗುತ್ತವೆ.

ಒಮೆಪ್ರಜೋಲ್ ಇಲ್ಲದೆಯೂ ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುತ್ತದೆ, ಅದೂ ಆರೋಗ್ಯವಂತರ ಪರೀಕ್ಷೆಯಲ್ಲೇ ಚೆನ್ನಾಗಿ ಕಂಡದ್ದು. 2009ರಲ್ಲಿ 162 ಆರೋಗ್ಯವಂತರನ್ನು ನೋಡಿದಾಗ, ಸಿವೈಪಿ2ಸಿ19ರ ದುರ್ಬಲ ವಂಶವಾಹಿ ಒಂದಾದರೂ ಇದ್ದವರಲ್ಲಿ ಕ್ಲೋಪಿಡೋಗ್ರೆಲ್‌ನ ಮದ್ದು ಶೇ. 32.4ರಷ್ಟು ಕಡಿಮೆ ಹುಟ್ಟಿತ್ತು. ಈ ದುರ್ಬಲ ವಂಶವಾಹಿ ಯುರೋಪಿನ ಮೂಲದವರಿಗಿಂತ ನಮ್ಮ ಭಾರತದವರಲ್ಲಿ ಹೆಚ್ಚು, ಸುಮಾರು ಎರಡು ಪಟ್ಟು. ಅಪ್ಪ ಅಮ್ಮ ಇಬ್ಬರಿಂದಲೂ ದುರ್ಬಲವಾದದ್ದೇ ಬಂದಿದ್ದರೆ ಆ ವ್ಯಕ್ತಿಯಲ್ಲಿ ಈ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ಅಂಥವರ ಬಗ್ಗೆ ಎಫ್‌ಡಿಎ 2010ರಲ್ಲಿ ಕ್ಲೋಪಿಡೋಗ್ರೆಲ್ ಮೇಲೆ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನೇ ಹಾಕಿಸಿತು. ಇಂಥವರಿಗೆ ಒಮೆಪ್ರಜೋಲ್ ಕೊಟ್ಟರೆ ಹೊಸದಾಗಿ ತಡೆಯಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಚುರುಕು ಕಿಣ್ವ ಇರುವವರಲ್ಲೇ ವ್ಯತ್ಯಾಸ ಎದ್ದು ಕಾಣುವುದು. ಆದ್ದರಿಂದ ಒಳ್ಳೆಯ ಪರೀಕ್ಷೆಗಳಲ್ಲಿ ಸ್ವಯಂಸೇವಕರ ವಂಶವಾಹಿಯನ್ನೂ ನೋಡುತ್ತಾರೆ. ಬೇರೆ ದೇಶದವರಲ್ಲಿ ಬಂದ ಸರಾಸರಿ ಅಂಕಿ ನಮ್ಮವರಿಗೂ ಅಷ್ಟೇ ಇರುತ್ತದೆ ಅಂದುಕೊಳ್ಳಬಾರದು ಅನ್ನುವುದಕ್ಕೂ ಇದೇ ಕಾರಣ. ನಮ್ಮ ದೇಶದಲ್ಲೇ, ನಮ್ಮ ಜನರಲ್ಲೇ ಇಂಥ ಪರೀಕ್ಷೆಗಳು ಇನ್ನೂ ಹೆಚ್ಚು ನಡೆಯಬೇಕು.

ಸರಿ, ಆರೋಗ್ಯವಂತರ ರಕ್ತ ಒಂದು ಮಾತನ್ನು ಖಚಿತವಾಗಿ ಹೇಳಿತು. ರೋಗಿಗಳಲ್ಲಿ ಏನಾಯಿತು?

2008ರಲ್ಲಿ ಫ್ರಾನ್ಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ 124 ರೋಗಿಗಳಿಗೆ ಏಳು ದಿನ 20 ಮಿಲಿಗ್ರಾಂ ಒಮೆಪ್ರಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. ವಾಸ್ಪ್ ಸೂಚ್ಯಂಕ (ಇದು ಹೆಚ್ಚಿದ್ದಷ್ಟೂ ಮದ್ದಿನ ಪರಿಣಾಮ ಕಡಿಮೆ) ಹುಸಿ ಮಾತ್ರೆಯವರಲ್ಲಿ 39.8, ಒಮೆಪ್ರಜೋಲ್ ತಗೊಂಡವರಲ್ಲಿ 51.4. ಅಂದರೆ ಮಾಮೂಲಿ ಪ್ರಮಾಣದಲ್ಲೂ ಪರಿಣಾಮ ಇದೆ. ಮರುವರ್ಷ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 8,205 ರೋಗಿಗಳ ದಾಖಲೆ ತೆಗೆದು ನೋಡಿದರು. ಕ್ಲೋಪಿಡೋಗ್ರೆಲ್ ಜೊತೆ ಆಮ್ಲ ತಗ್ಗಿಸುವ ಈ ಬಳಗದ ಮಾತ್ರೆ ತಗೊಂಡವರಲ್ಲಿ ತೀರಿಕೊಂಡವರು ಅಥವಾ ಹೃದಯದ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಶೇ. 29.8, ತಗೊಳ್ಳದವರಲ್ಲಿ ಶೇ. 20.8. ಭಯ ಹುಟ್ಟಿದ್ದು ಆಗಲೇ.

ಆದರೆ ಸ್ವಲ್ಪ ಯೋಚಿಸಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಡಾಕ್ಟರ್ ಯಾರಿಗೆ ಬರೆಯುತ್ತಾರೆ? ಹೆಚ್ಚು ವಯಸ್ಸಾದವರಿಗೆ, ಹೆಚ್ಚು ಕಾಯಿಲೆ ಇರುವವರಿಗೆ. ಅವರಿಗೆ ಹೇಗೂ ಅಪಾಯ ಜಾಸ್ತಿ. ಮಾತ್ರೆಯಿಂದ ಹೀಗಾಯಿತೋ, ಹೀಗಾಗುವವರಿಗೇ ಮಾತ್ರೆ ಕೊಟ್ಟಿದ್ದರೋ? ಸಂಶೋಧಕರು ವಯಸ್ಸು, ಕಾಯಿಲೆ ಎಲ್ಲ ಹೊಂದಿಸಿ ಲೆಕ್ಕ ಹಾಕಿದಾಗ ವ್ಯತ್ಯಾಸ ಬಹಳಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ಹಳೆಯ ದಾಖಲೆಗಳಿಂದ ಈ ಗಂಟು ಬಿಡಿಸಲು ಆಗುವುದಿಲ್ಲ.

ಬಿಡಿಸಲು ಪ್ರಯತ್ನಿಸಿದ್ದು ಕೊಜೆಂಟ್ ಎಂಬ ಪ್ರಯೋಗ, 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್. ಯಾರಿಗೆ ಒಮೆಪ್ರಜೋಲ್, ಯಾರಿಗೆ ಹುಸಿ ಮಾತ್ರೆ ಅನ್ನುವುದು ಮಾತ್ರ ಚೀಟಿ ಎತ್ತಿದ ಹಾಗೆ. 3,761 ಜನರ ಲೆಕ್ಕ ಸಿಕ್ಕಿತು. ಆರು ತಿಂಗಳಲ್ಲಿ ಹೊಟ್ಟೆಯ ರಕ್ತಸ್ರಾವದಂಥ ತೊಂದರೆ ಒಮೆಪ್ರಜೋಲ್ ತಗೊಂಡವರಲ್ಲಿ ಶೇ. 1.1, ಹುಸಿ ಮಾತ್ರೆಯವರಲ್ಲಿ ಶೇ. 2.9. ಹೃದಯದ ತೊಂದರೆ ಒಮೆಪ್ರಜೋಲ್‌ನವರಲ್ಲಿ ಶೇ. 4.9, ಇನ್ನೊಂದು ಕಡೆ ಶೇ. 5.7. ಅಂದರೆ ಹೊಟ್ಟೆಗೆ ಸ್ಪಷ್ಟ ಲಾಭ, ಹೃದಯಕ್ಕೆ ನಷ್ಟ ಕಾಣಲಿಲ್ಲ. ಆದರೆ ದುಡ್ಡು ಕೊಡುತ್ತಿದ್ದ ಕಂಪನಿ ಕೈಯೆತ್ತಿದ್ದರಿಂದ ಪ್ರಯೋಗ ಅರ್ಧಕ್ಕೇ ನಿಂತಿತು. ಸಣ್ಣ ನಷ್ಟವೊಂದು ಇದ್ದಿದ್ದರೂ ಕಾಣಿಸುವಷ್ಟು ಜನ, ಅಷ್ಟು ಸಮಯ ಅದಕ್ಕೆ ಸಿಗಲಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? ಎರಡನ್ನೂ. ಇವು ಒಂದನ್ನೊಂದು ಸುಳ್ಳು ಮಾಡುವುದಿಲ್ಲ, ಕೇಳಿದ ಪ್ರಶ್ನೆಯೇ ಬೇರೆ. ಒಂದು ಮಾತ್ರೆ ಇನ್ನೊಂದರ ಮದ್ದನ್ನು ಕಡಿಮೆ ಮಾಡುತ್ತದೆಯೇ ಅನ್ನುವುದಕ್ಕೆ ಆರೋಗ್ಯವಂತರ ರಕ್ತ ಕೊಟ್ಟ ಉತ್ತರ ಹೌದು. ಅದರಿಂದ ಹೃದಯಾಘಾತ ಹೆಚ್ಚುತ್ತದೆಯೇ ಅನ್ನುವುದಕ್ಕೆ ಅದು ಉತ್ತರ ಕೊಡಲಾರದು, ಯಾಕಂದರೆ ಪರೀಕ್ಷೆಯ ಆ ಕೆಲವು ದಿನಗಳಲ್ಲಿ ಆರೋಗ್ಯವಂತರಿಗೆ ಹೃದಯಾಘಾತ ಆಗುವುದು ತೀರಾ ಅಪರೂಪ. ರೋಗಿಯಲ್ಲಿ ಆಸ್ಪಿರಿನ್ ಕೂಡ ಕಾವಲಿಗೆ ಇರುತ್ತದೆ, ಮದ್ದು ಸ್ವಲ್ಪ ಇಳಿದರೂ ಸಾಕಾಗುವಷ್ಟು ಉಳಿದಿರಬಹುದು, ಆದರೆ ಹುಟ್ಟಿನಿಂದಲೇ ಕಿಣ್ವ ಸ್ವಲ್ಪ ದುರ್ಬಲವಾಗಿದ್ದು ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದು ಹೊಸ ಸ್ಟೆಂಟ್ ಕೂತಿರುವ ಒಬ್ಬರಿಗೆ ಅದೇ ಸ್ವಲ್ಪ ಇಳಿಕೆ ಭಾರವಾಗಲೂಬಹುದು. ನಮ್ಮ ಎದುರಿಗೆ ಕೂತಿರುವವರು ಇವರಲ್ಲಿ ಯಾರು ಅನ್ನುವುದು ಮುಖ ನೋಡಿ ಗೊತ್ತಾಗುವುದಿಲ್ಲ.

ನನ್ನ ಮಟ್ಟಿಗೆ ಇಲ್ಲಿ ತೀರ್ಮಾನ ಕಷ್ಟದ್ದಲ್ಲ. ಅಷ್ಟೇ ಚೆನ್ನಾಗಿ ಹೊಟ್ಟೆ ಕಾಯುವ, ಬೆಲೆಯಲ್ಲೂ ಕೈಗೆಟಕುವ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಪ್ಯಾಂಟೊಪ್ರಜೋಲ್ ಇರುವಾಗ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲನ್ನೇ ಯಾಕೆ ಹಿಡಿದುಕೊಳ್ಳಬೇಕು? ಎಫ್‌ಡಿಎ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಎರಡನ್ನೂ ಜೊತೆಗೆ ಕೊಡಬೇಡಿ ಅನ್ನುತ್ತದೆ, ಯುರೋಪಿನ ಸಂಸ್ಥೆಯೂ 2010ರಲ್ಲಿ ತನ್ನ ಎಚ್ಚರಿಕೆಯನ್ನು ಈ ಎರಡಕ್ಕೇ ಸೀಮಿತ ಮಾಡಿತು.

ಮನೆಯಲ್ಲಿ ಯಾರಾದರೂ ಕ್ಲೋಪಿಡೋಗ್ರೆಲ್ ತಗೊಳ್ಳುತ್ತಿದ್ದರೆ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆ ತಿರುಗಿಸಿ ನೋಡಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಓಮೆಜ್ ಅಂದರೆ ಒಮೆಪ್ರಜೋಲ್, ಪ್ಯಾನ್ 40 ಅಂದರೆ ಪ್ಯಾಂಟೊಪ್ರಜೋಲ್. ಒಮೆಪ್ರಜೋಲ್ ಅಥವಾ ಎಸೊಮೆಪ್ರಜೋಲ್ ಇದ್ದರೆ ಮುಂದಿನ ತಪಾಸಣೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ, ಬದಲಿಸಬಹುದಾ ಅಂತ ಕೇಳಿ. ನೀವಾಗಿ ಏನನ್ನೂ ನಿಲ್ಲಿಸಬೇಡಿ. ಕ್ಲೋಪಿಡೋಗ್ರೆಲ್ ಅನ್ನಂತೂ ಡಾಕ್ಟರ್ ಹೇಳದೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲರ್ ಎಂಬ ಮಾತ್ರೆ ತಗೊಳ್ಳುವವರಿಗೆ ಈ ಚಿಂತೆ ಇಲ್ಲ, ಅದು ಲಿವರ್‌ನಲ್ಲಿ ಬದಲಾಗದೆಯೇ ಕೆಲಸ ಮಾಡುತ್ತದೆ. ಮಂಡಿ ನೋವಿಗೆ ಅಂತ ಐಬುಪ್ರೊಫೆನ್ ತರಿಸಿ ನುಂಗುವ ಹಿರಿಯರಿಗೂ ಒಂದು ಮಾತು: ಅದು ಆಸ್ಪಿರಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ, ಹೊಟ್ಟೆಯ ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ, ಕೇಳದೆ ತಗೊಳ್ಳಬೇಡಿ.

ಇನ್ನು ಆ ಸ್ವಯಂಸೇವಕರ ಬಗ್ಗೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋದ ಹುಡುಗರಿಗೆ ಇಂಥ ಪರೀಕ್ಷೆಗೆ ಬನ್ನಿ ಅನ್ನುವ ಕರೆ ಬರುವುದುಂಟು, ದುಡ್ಡೂ ಕೊಡುತ್ತಾರೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ಮೇಲೆ ಹೇಳಿದ್ದೆಲ್ಲ ಅಂಥವರಿಂದಲೇ ನಮಗೆ ಗೊತ್ತಾದದ್ದು. ಆದರೆ ಅವರಿಗೆ ಮಾತ್ರೆಯಿಂದ ಯಾವ ಲಾಭವೂ ಇಲ್ಲ, ಮೂಗಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಅಪರೂಪಕ್ಕೆ ಅದಕ್ಕಿಂತ ದೊಡ್ಡ ರಕ್ತಸ್ರಾವ, ಈ ಅಪಾಯ ಮಾತ್ರ ಇದೆ. ಹಾಗಾಗಿ ಅವರ ರಕ್ಷಣೆಗೆ ಇರುವ ನಿಯಮ ಗೊತ್ತಿರಲಿ. ನಮ್ಮ ದೇಶದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರವನ್ನು ಅರ್ಥವಾಗುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ ಕೇಳಿ ಪಡೆಯಿರಿ. ಮನೆಗೆ ತಂದು ಓದಿ, ಅಪ್ಪ ಅಮ್ಮನಿಗೂ ಓದಿ ಹೇಳಿ, ಆಮೇಲೆ ಸಹಿ ಮಾಡಿ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರುವ ಹಕ್ಕಿದೆ. ದುಡ್ಡಿನ ಆಸೆಗೆ ಒಂದು ಪರೀಕ್ಷೆ ಮುಗಿದ ಕೂಡಲೇ ಮುಚ್ಚಿಟ್ಟು ಇನ್ನೊಂದಕ್ಕೆ ಸೇರಬೇಡಿ. ಹಿಂದಿನ ಮದ್ದು ಇನ್ನೂ ಮೈಯಲ್ಲಿರುವಾಗ ಪ್ಲೇಟ್‌ಲೆಟ್ ಮಂದ ಮಾಡುವ ಇನ್ನೊಂದು ಮಾತ್ರೆ ಬಿದ್ದರೆ ಅಪಾಯ ನಿಮಗೇ, ಮತ್ತು ನಿಮ್ಮ ರಕ್ತದಿಂದ ಬಂದ ಅಂಕಿಯೂ ತಪ್ಪಾಗುತ್ತದೆ. ಆ ಅಂಕಿ ನಂಬಿ ನಾಳೆ ಡಾಕ್ಟರ್ ಯಾರಿಗೋ ಚೀಟಿ ಬರೆಯುತ್ತಾರೆ.

ಕೊನೆಯದಾಗಿ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಒಟ್ಟಿಗೆ ತಗೊಳ್ಳುವ ಯಾರಿಗೇ ಆಗಲಿ ಮಲ ಡಾಂಬರಿನ ಹಾಗೆ ಕಪ್ಪಾಗಿ, ಜಿಗುಟಾಗಿ ಬಂದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಎದ್ದು ನಿಂತಾಗ ತಲೆ ಸುತ್ತಿ ಬೆವರು ಬಂದರೆ, ಅದು ಹೊಟ್ಟೆಯ ರಕ್ತಸ್ರಾವ ಇರಬಹುದು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಬೆಳಗಾಗಲಿ ಅಂತ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಹೋಗುವಾಗ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ.